ಸಮೀಕರಣ ಸರಿದೂಗಿದೆಯೇ? ನೋಡುವ ಬಗೆ, ಹೆಜ್ಜೆ ಹೆಜ್ಜೆಯಾಗಿ

ಹತ್ತನೇ ಕ್ಲಾಸಿನ ಮಾದರಿ ಪರೀಕ್ಷೆಯಲ್ಲಿ ನಾನು ಕಳೆದುಕೊಂಡ ಒಂದು ಅಂಕ ಈಗಲೂ ನೆನಪಿದೆ. ಹೈಡ್ರೋಜನ್ ಉರಿದು ನೀರಾಗುವ ಸಮೀಕರಣ ಬರೆಯಬೇಕಿತ್ತು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದೇ. ಒಂದು ಕಮ್ಮಿ ಬಿತ್ತಲ್ಲ ಅಂತ ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಕೆಳಗೆ ಸುಮ್ನೆ ಒಂದು 2 ಹಾಕಿದೆ. ಎಣಿಸಿ ನೋಡಿದೆ, ಎಲ್ಲ ಸರಿ ಇತ್ತು. ಪೇಪರು ಕೊಡುವಾಗ ಮಾಷ್ಟ್ರು ನಕ್ಕರು. "ನೀರು ಕೇಳಿದ್ರೆ ಗಾಯ ತೊಳೆಯುವ ಮದ್ದು ಕೊಟ್ಟಿದ್ದೀಯಲ್ಲ ಮಾರಾಯಾ!"

ನಾನು ಬರೆದದ್ದು ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಗಾಯಕ್ಕೆ ಹಾಕಿದರೆ ಬುಸುಬುಸು ನೊರೆ ಬರುತ್ತದೆ. ಎಣಿಕೆ ಸರಿ ಇತ್ತು, ವಸ್ತುವೇ ಬೇರೆಯಾಗಿತ್ತು.

ಈಗ ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಸಂಜೆ ಹೊತ್ತು ಮನೆ ಜಗಲಿಯಲ್ಲಿ ಟ್ಯೂಷನ್ ಹೇಳುತ್ತೇನೆ. ಮಕ್ಕಳು ಸಮೀಕರಣ ಸರಿದೂಗಿಸಲು ಹೇಗೋ ಕಲಿಯುತ್ತಾರೆ. ಬರೆದದ್ದು ಸರಿ ಇದೆಯಾ ಅಂತ ತಾವೇ ನೋಡಿಕೊಳ್ಳಲು ಮಾತ್ರ ಕಲಿಯುವುದಿಲ್ಲ. "ಇದು ಸರಿಯಾ ಮಾಷ್ಟ್ರೇ?" ಅಂತ ಪುಸ್ತಕ ನನ್ನ ಮುಂದೆ ಚಾಚುತ್ತಾರೆ. ಪರೀಕ್ಷೆ ಹಾಲಿನಲ್ಲಿ ನಾನು ಪಕ್ಕದಲ್ಲಿ ಕೂತಿರುವುದಿಲ್ಲ, ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸರಿದೂಗುವುದು ಅಂದರೆ ಪ್ರತಿಯೊಂದು ಧಾತುವಿನ ಪರಮಾಣುಗಳು ಬಾಣದ ಎರಡೂ ಕಡೆ ಅಷ್ಟಕ್ಕಷ್ಟೇ ಇರುವುದು. ಸರಿದೂಗಿಸುವುದು ಹೇಗೆ ಎನ್ನುವುದು ಬೇರೆ ಪಾಠ. ಇಲ್ಲಿ ಹೇಳುವುದು ಕಣ್ಣೆದುರಿಗಿರುವ ಸಮೀಕರಣವನ್ನು ಪರೀಕ್ಷಿಸುವ ಬಗೆ.

ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ವಿಶೇಷ ಗೊಂದಲವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ 'ಸಮೀಕರಣ' ಅಂದರೆ ಬಾಣದ ಗುರುತು ಇರುವ ಆ ಇಡೀ ಸಾಲು. ಮಲಯಾಳದಲ್ಲಿ ಆ ಸಾಲಿಗೆ 'ಸಮವಾಕ್ಯ' ಎನ್ನುತ್ತಾರೆ, 'ಸಮೀಕರಿಕ್ಕುಗ' ಅಂದರೆ ಸರಿದೂಗಿಸುವುದು. ಪಕ್ಕದ ಮನೆಯ ಮಲಯಾಳ ಮೀಡಿಯಂ ಹುಡುಗ "ಸಮೀಕರಿಚ್ಚೋ?" ಅಂತ ಕೇಳಿದರೆ ನಮ್ಮವನು "ಹೌದು, ಸಮೀಕರಣ ಬರೆದೆ" ಅನ್ನುತ್ತಾನೆ. ಇಬ್ಬರಿಗೂ ಖುಷಿ. ಪ್ಲಸ್ ಒನ್ನಿಗೆ (ಹನ್ನೊಂದನೇ ಕ್ಲಾಸಿಗೆ) ಹೋದ ಮೇಲೆ ಎಲ್ಲ ಇಂಗ್ಲಿಷಿಗೆ ತಿರುಗಿ, ಎರಡೂ ಹೋಗಿ 'ಬ್ಯಾಲೆನ್ಸ್' ಒಂದೇ ಉಳಿಯುತ್ತದೆ.

ಇನ್ನೊಂದು ಮಾತು. ಇಲ್ಲಿ ಸೂತ್ರಗಳನ್ನು ನಾವು ಕ್ಲಾಸಿನಲ್ಲಿ ಬಾಯಲ್ಲಿ ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ನೀರು ಎಚ್₂-ಓ. ಸುಣ್ಣದ ಕಲ್ಲು ಸಿಎ-ಸಿ-ಓ₃. ನಡುವಿನ ಅಡ್ಡಗೆರೆ ಒಂದು ಧಾತುವನ್ನು ಇನ್ನೊಂದರಿಂದ ಬೇರೆ ಮಾಡಲು ಮಾತ್ರ. ಸಿಎ ಒಟ್ಟಿಗೆ ಬಂದರೆ ಕ್ಯಾಲ್ಸಿಯಂ, ಸಿ ಒಂದೇ ಇದ್ದರೆ ಕಾರ್ಬನ್. ನಿಮ್ಮ ನೋಟ್ ಪುಸ್ತಕದಲ್ಲಿ ಈ ಗೆರೆ ಹಾಕಬೇಡಿ. ಎಣಿಸುವಾಗ ಮನಸ್ಸಿನಲ್ಲಿ ಹಾಕಿಕೊಳ್ಳಿ.

ಎರಡು ಬಗೆಯ ಅಂಕೆ

ಸಮೀಕರಣದಲ್ಲಿ ಅಂಕೆ ಎರಡು ಕಡೆ ಇರುತ್ತದೆ. ಒಂದು ಸೂತ್ರದ ಮುಂದೆ ದೊಡ್ಡದಾಗಿ ಕೂತಿರುತ್ತದೆ, ಇನ್ನೊಂದು ಧಾತುವಿನ ಕೆಳಗೆ ಚಿಕ್ಕದಾಗಿ.

ಕೆಳಗಿನ ಚಿಕ್ಕ ಅಂಕೆ ವಸ್ತುವಿನ ಗುಣಕ್ಕೆ ಸೇರಿದ್ದು. ಅದನ್ನು ಮುಟ್ಟಿದರೆ ವಸ್ತುವೇ ಬದಲಾಗುತ್ತದೆ. ನನ್ನ ಗತಿ ಆದದ್ದು ಹಾಗೆ. ಮುಂದಿನ ದೊಡ್ಡ ಅಂಕೆ ಆ ವಸ್ತು ಎಷ್ಟು ಅಂತ ಹೇಳುತ್ತದೆ. ಅದನ್ನು ಬೇಕಾದಂತೆ ಬದಲಿಸಬಹುದು. ಅಲ್ಲಿ ಏನೂ ಬರೆದಿಲ್ಲವಾದರೆ 1 ಎಂದೇ ಅರ್ಥ.

ಮುಂದಿನ ಅಂಕೆ ಆ ಸೂತ್ರದ ಪ್ರತಿಯೊಂದು ಧಾತುವಿಗೂ ಸೇರುತ್ತದೆ. 2 ಎಚ್₂-ಓ ಅಂದರೆ ಹೈಡ್ರೋಜನ್ ನಾಲ್ಕು, ಆಕ್ಸಿಜನ್ ಎರಡು. ಆ 2 ಹೈಡ್ರೋಜನ್ನಿಗೆ ಮಾತ್ರ ಅಂದುಕೊಂಡು ಆಕ್ಸಿಜನ್ ಒಂದೇ ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇಬ್ಬರು ಮೂವರು ಸಿಗುತ್ತಾರೆ. ಮುಂದಿನ ಸೂತ್ರ ಶುರುವಾಗುವ + ಗುರುತು ಅಥವಾ ಬಾಣ ಬರುವವರೆಗೆ ಆ ಅಂಕೆಯದ್ದೇ ಅಧಿಕಾರ.

ಅಂಕೆ ಕೆಳಗೆ ಬರೆಯುವ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಧಾತುಗಳಿಗೆ ಅಕ್ಷರದ ಗುರುತು ಕೊಟ್ಟ ಸ್ವೀಡನ್ನಿನ ಬರ್ಜೀಲಿಯಸ್, 1800ರ ದಶಕದ ಆರಂಭದಲ್ಲಿ, ಆ ಚಿಕ್ಕ ಅಂಕೆಯನ್ನು ಮೇಲೆ ಬರೆಯುತ್ತಿದ್ದ. ಅದು ಆಮೇಲೆ ಕೆಳಗಿಳಿಯಿತು. ಇಳಿದದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಮೇಲಿನ ಜಾಗ ಈಗ ವಿದ್ಯುದಂಶಕ್ಕೆ (ಚಾರ್ಜಿಗೆ) ಬೇಕು. ಆ ವಿಷಯ ಮುಂದೆ ಬರುತ್ತದೆ.

ಹೆಜ್ಜೆ 1: ಎಣಿಸುವ ಮೊದಲು ಸೂತ್ರ ನೋಡಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಸುತ್ತಾರೆ. ಸೂತ್ರ ತಪ್ಪಿದ್ದರೆ ಎಣಿಸಿ ಏನು ಪ್ರಯೋಜನ?

ಒಂದು ಉದಾಹರಣೆ ನೋಡಿ.

ಎನ್ಎ + ಸಿಎಲ್₂ → ಎನ್ಎ-ಸಿಎಲ್₂

ಸೋಡಿಯಂ ಎಡಗಡೆ 1, ಬಲಗಡೆ 1. ಕ್ಲೋರಿನ್ ಎಡಗಡೆ 2, ಬಲಗಡೆ 2. ಲೆಕ್ಕ ಚೊಕ್ಕವಾಗಿದೆ. ಆದರೆ ಅಡುಗೆ ಉಪ್ಪಿನಲ್ಲಿ ಒಂದು ಸೋಡಿಯಂಗೆ ಒಂದೇ ಕ್ಲೋರಿನ್. ಸರಿಯಾದದ್ದು 2 ಎನ್ಎ + ಸಿಎಲ್₂ → 2 ಎನ್ಎ-ಸಿಎಲ್.

ಹಾಗಾಗಿ ಪ್ರತಿಯೊಂದು ಸೂತ್ರವನ್ನೂ ಒಮ್ಮೆ ಸಂಯೋಜಕತೆ (ವೇಲೆನ್ಸಿ, ಅಂದರೆ ಬೇರೆಯವುಗಳ ಜೊತೆ ಕೂಡುವ ಶಕ್ತಿ) ಇಟ್ಟು ನೋಡಿ. ಕ್ಯಾಲ್ಸಿಯಂ 2, ಅಲ್ಯುಮಿನಿಯಂ 3, ಹೈಡ್ರಾಕ್ಸೈಡ್ 1, ಸಲ್ಫೇಟ್ 2, ಕಾರ್ಬೊನೇಟ್ 2. ಇಷ್ಟು ಬಾಯಲ್ಲಿದ್ದರೆ ಶಾಲೆಯ ಅರ್ಧ ಸೂತ್ರಗಳು ಕೈಗೆ ಬಂದಂತೆ. ಅನಿಲಗಳನ್ನೂ ಮರೆಯಬೇಡಿ. ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕ್ಲೋರಿನ್ ಒಂಟಿಯಾಗಿ ತಿರುಗುವುದಿಲ್ಲ, ಎರಡೆರಡಾಗಿ ಇರುತ್ತವೆ. ಎಲ್ಲಾದರೂ ಗಾಳಿಯ ಆಕ್ಸಿಜನ್ ಬರೀ ಓ ಅಂತ ಕಂಡರೆ ಅಲ್ಲೇ ನಿಲ್ಲಿ.

ಇಂಗ್ಲಿಷ್ ಅಕ್ಷರದ ದೊಡ್ಡದು ಸಣ್ಣದು ಕೂಡ ಇಲ್ಲಿ ಆಟವಾಡಿಸುತ್ತದೆ. ಸಿ ಮತ್ತು ಓ ಎರಡೂ ದೊಡ್ಡಕ್ಷರವಾದರೆ ಕಾರ್ಬನ್ ಮೊನಾಕ್ಸೈಡ್. ಓ ಸಣ್ಣದಾದರೆ ಕೋಬಾಲ್ಟ್ ಎಂಬ ಲೋಹ. ಅವಸರದ ಕೈಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗೆಯೇ ಬ್ರಾಕೆಟಿನೊಳಗೆ ಸಣ್ಣ ಎಸ್ ಕಂಡರೆ ಅದು ಸಲ್ಫರ್ ಅಲ್ಲ, ಘನ ಎಂಬ ಗುರುತು. ಎಣಿಕೆಯಲ್ಲಿ ಅದಕ್ಕೆ ಜಾಗವಿಲ್ಲ.

ಹೆಜ್ಜೆ 2: ಪಟ್ಟಿ ಮಾಡಿ, ಒಂದು ಕಡೆ ಮುಚ್ಚಿ

ರಫ್ ಪೇಪರಿನಲ್ಲಿ ಧಾತುಗಳ ಹೆಸರು ಒಂದರ ಕೆಳಗೆ ಒಂದು ಬರೆಯಿರಿ. ಪಕ್ಕದಲ್ಲಿ ಎಡ, ಬಲ ಎಂದು ಎರಡು ಕಾಲಂ. ಮನಸ್ಸಿನಲ್ಲೇ ಎಣಿಸುವ ಚಾಳಿ ಬಿಡಿ. ಮೂರು ಧಾತು ದಾಟಿದ ಮೇಲೆ ಮನಸ್ಸು ಮೋಸ ಮಾಡುತ್ತದೆ.

ಈಗ ನಾನು ಮಕ್ಕಳಿಂದ ಮಾಡಿಸುವ ಒಂದು ಕೆಲಸ. ಬಾಣದ ಬಲಗಡೆಯನ್ನು ಸ್ಕೇಲಿನಿಂದ ಮುಚ್ಚಿ. ಎಡಗಡೆ ಮಾತ್ರ ಎಣಿಸಿ ಬರೆಯಿರಿ. ಆಮೇಲೆ ಎಡಗಡೆ ಮುಚ್ಚಿ, ನೀವು ಬರೆದ ಅಂಕೆಗಳನ್ನೂ ಮುಚ್ಚಿ, ಬಲಗಡೆ ಎಣಿಸಿ. ಇದು ಮಕ್ಕಳಾಟ ಅನ್ನಿಸಬಹುದು. ಆದರೆ ಎಡಗಡೆ 6 ಬಂದಿದೆ ಅಂತ ಗೊತ್ತಿದ್ದರೆ ಬಲಗಡೆಯೂ ಹೇಗಾದರೂ 6 ಕಾಣುವ ಹಾಗೆ ಕಣ್ಣು ಹುಡುಕುತ್ತದೆ. ನನ್ನದೇ ಉತ್ತರಪತ್ರಿಕೆ ತಿದ್ದುವಾಗ ನಾನೂ ಹಾಗೆ ಮಾಡಿದ್ದಿದೆ.

ಮೊದಲು ಸುಲಭದ್ದು ನೋಡೋಣ. ನಮ್ಮ ಕಡಲ ಬದಿಯಲ್ಲಿ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಹಳೆಯ ಕೆಲಸ. ಚಿಪ್ಪು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್.

ಸಿಎ-ಸಿ-ಓ₃ → ಸಿಎ-ಓ + ಸಿ-ಓ₂

ಕ್ಯಾಲ್ಸಿಯಂ: ಎಡ 1, ಬಲ 1
ಕಾರ್ಬನ್: ಎಡ 1, ಬಲ 1
ಆಕ್ಸಿಜನ್: ಎಡ 3, ಬಲ 1 + 2 = 3

ಸರಿದೂಗಿದೆ. ಈ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ.

ಸಿಎ-ಓ + ಎಚ್₂-ಓ → ಸಿಎ(ಓ-ಎಚ್)₂

ಕ್ಯಾಲ್ಸಿಯಂ 1 ಮತ್ತು 1. ಆಕ್ಸಿಜನ್ 1 + 1 = 2, ಬಲಗಡೆಯೂ 2. ಹೈಡ್ರೋಜನ್ 2 ಮತ್ತು 2. ಇದೂ ಸರಿ. ಆ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ.

ಸಿಎ(ಓ-ಎಚ್)₂ + ಸಿ-ಓ₂ → ಸಿಎ-ಸಿ-ಓ₃ + ಎಚ್₂-ಓ

ಆಕ್ಸಿಜನ್ ಎಡಗಡೆ 2 + 2 = 4, ಬಲಗಡೆ 3 + 1 = 4. ಉಳಿದದ್ದು ನೀವೇ ಎಣಿಸಿ.

ಚಿಪ್ಪಿನಿಂದ ಹೊರಟು ತಿರುಗಿ ಚಿಪ್ಪಿನ ವಸ್ತುವಿಗೇ ಬಂದೆವು. ಮೂರು ಸಮೀಕರಣ, ಮುಂದೆ ಒಂದೇ ಒಂದು ದೊಡ್ಡ ಅಂಕೆ ಇಲ್ಲ. ಇದನ್ನು ಯಾಕೆ ಆರಿಸಿದೆ ಎಂದರೆ, "ಅಂಕೆ ಇಲ್ಲದಿದ್ದರೆ ಸರಿದೂಗಿಸಿಲ್ಲ" ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿದೆ. ಕಾಲಿ ಕಂಡರೆ ಅವರಿಗೆ ಕೈ ತುರಿಸುತ್ತದೆ, ಎಲ್ಲಾದರೂ ಒಂದು 2 ತುರುಕುತ್ತಾರೆ. ಎಣಿಸದೆ ಯಾವುದನ್ನೂ ಮುಟ್ಟಬೇಡಿ.

ಇದರ ಎದುರು ತಪ್ಪೂ ಇದೆ. ಕೆಲವರು ಮುಂದಿನ ದೊಡ್ಡ ಅಂಕೆಗಳನ್ನು ಕೂಡಿಸಿ ನೋಡುತ್ತಾರೆ. 2 ಎಚ್₂ + ಓ₂ → 2 ಎಚ್₂-ಓ ಎಂಬಲ್ಲಿ ಎಡಗಡೆ 3, ಬಲಗಡೆ 2, ಹಾಗಾದರೆ ತಪ್ಪು ಅನ್ನುತ್ತಾರೆ. ಅಣುಗಳ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕೆಂದೇನೂ ಇಲ್ಲ. ಸಮ ಆಗಬೇಕಾದದ್ದು ಪರಮಾಣುಗಳು.

ಬ್ರಾಕೆಟ್ ಬಂದಾಗ

ಮಳೆಗಾಲದ ಕೆಂಪು ನೀರನ್ನು ತಿಳಿಯಾಗಿಸಲು ನೀರಿನ ಟ್ಯಾಂಕಿಗೆ ಆಲಂ ಹಾಕುತ್ತಾರೆ, ಅಂದರೆ ಅಲ್ಯುಮಿನಿಯಂ ಸಲ್ಫೇಟ್. ಜೊತೆಗೆ ಸುಣ್ಣ ಸೇರಿದರೆ ಹತ್ತಿಯಂಥ ಬಿಳಿ ಅಂಟು ಉಂಟಾಗಿ, ಕೆಸರನ್ನು ಹಿಡಿದುಕೊಂಡು ಅಡಿಗೆ ಇಳಿಯುತ್ತದೆ. ಸಮೀಕರಣ ಇದು:

ಎಎಲ್₂(ಎಸ್-ಓ₄)₃ + 3 ಸಿಎ(ಓ-ಎಚ್)₂ → 2 ಎಎಲ್(ಓ-ಎಚ್)₃ + 3 ಸಿಎ-ಎಸ್-ಓ₄

ನೋಡಿದರೆ ಹೆದರಿಕೆಯಾಗುತ್ತದೆ. ಒಂದೊಂದೇ ಬಿಡಿಸೋಣ. ಬ್ರಾಕೆಟಿನ ಹೊರಗಿನ ಚಿಕ್ಕ ಅಂಕೆ ಒಳಗಿನ ಎಲ್ಲದಕ್ಕೂ ಗುಣಿಸುತ್ತದೆ. ಅದರ ಮೇಲೆ ಮುಂದಿನ ದೊಡ್ಡ ಅಂಕೆ ಇನ್ನೊಮ್ಮೆ ಗುಣಿಸುತ್ತದೆ.

ಅಲ್ಯುಮಿನಿಯಂ: ಎಡ 2, ಬಲ 2
ಸಲ್ಫರ್: ಎಡ 3, ಬಲ 3
ಕ್ಯಾಲ್ಸಿಯಂ: ಎಡ 3, ಬಲ 3
ಹೈಡ್ರೋಜನ್: ಎಡ 3 × 2 = 6, ಬಲ 2 × 3 = 6
ಆಕ್ಸಿಜನ್: ಎಡ (4 × 3) + (3 × 2) = 18, ಬಲ (2 × 3) + (3 × 4) = 18

ಆಕ್ಸಿಜನ್ನನ್ನು ಕೊನೆಗಿಟ್ಟದ್ದು ಬೇಕೆಂದೇ. ಅದು ಎಲ್ಲ ಸೂತ್ರದೊಳಗೂ ತಲೆ ಹಾಕಿರುತ್ತದೆ, ಎಣಿಕೆ ತಪ್ಪುವುದು ಅಲ್ಲೇ ಜಾಸ್ತಿ. ಆದರೆ ತಪ್ಪಾದ ಸಮೀಕರಣವನ್ನು ಬೇಗ ಹಿಡಿಯಬೇಕಾದರೆ ಉಲ್ಟಾ ಮಾಡಿ, ಆಕ್ಸಿಜನ್ನಿನಿಂದಲೇ ಶುರು ಮಾಡಿ. ಕಳ್ಳ ಸಾಮಾನ್ಯವಾಗಿ ಆ ಮನೆಯಲ್ಲೇ ಇರುತ್ತಾನೆ.

ಒಂದು ಅಡ್ಡದಾರಿಯೂ ಇದೆ. ಸಲ್ಫೇಟ್ ಗುಂಪು ಒಡೆಯದೆ ಹಾಗೇ ಆಚೆ ದಾಟಿದೆ, ಹೈಡ್ರಾಕ್ಸೈಡ್ ಕೂಡ. ಆಗ ಗುಂಪನ್ನೇ ಒಂದು ತಲೆ ಅಂತ ಎಣಿಸಬಹುದು. ಸಲ್ಫೇಟ್ 3 ಮತ್ತು 3. ಹೈಡ್ರಾಕ್ಸೈಡ್ 6 ಮತ್ತು 6. ಕೆಲಸ ಮುಗಿಯಿತು, 18 ಆಕ್ಸಿಜನ್ ಕೂಡಿಸುವ ಗೋಜಿಲ್ಲ.

ಈ ದಾರಿ ಹಿಡಿಯುವ ಮೊದಲು ಗುಂಪು ನಿಜವಾಗಿ ಇಡಿಯಾಗಿ ದಾಟಿದೆಯಾ ನೋಡಿಕೊಳ್ಳಿ. ತಾಮ್ರಕ್ಕೆ ಗಟ್ಟಿ ನೈಟ್ರಿಕ್ ಆಮ್ಲ ಹಾಕುವ ಸಮೀಕರಣ ನೋಡಿ.

ಸಿಯು + 4 ಎಚ್-ಎನ್-ಓ₃ → ಸಿಯು(ಎನ್-ಓ₃)₂ + 2 ಎನ್-ಓ₂ + 2 ಎಚ್₂-ಓ

ನೈಟ್ರೇಟನ್ನು ಗುಂಪಾಗಿ ಎಣಿಸಿದರೆ ಎಡಗಡೆ 4, ಬಲಗಡೆ 2. ತಪ್ಪು ಅಂತ ಹೊಡೆದು ಹಾಕುತ್ತೀರಿ. ಆದರೆ ಎರಡು ನೈಟ್ರೇಟ್ ಒಡೆದು ಕಂದು ಬಣ್ಣದ ಅನಿಲವಾಗಿದೆ. ಬಿಡಿಬಿಡಿಯಾಗಿ ಎಣಿಸಿದರೆ ನೈಟ್ರೋಜನ್ 4 ಮತ್ತು 2 + 2 = 4. ಹೈಡ್ರೋಜನ್ 4 ಮತ್ತು 4. ಆಕ್ಸಿಜನ್ 12 ಮತ್ತು 6 + 4 + 2 = 12. ಸಮೀಕರಣ ಸರಿಯಾಗಿಯೇ ಇದೆ.

ಸೂತ್ರದ ನಡುವೆ ಚುಕ್ಕಿ ಬಂದರೆ ಅದು ಗುಣಾಕಾರ ಅಲ್ಲ. ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ಹರಳು ಸಿಯು-ಎಸ್-ಓ₄·5 ಎಚ್₂-ಓ. ಚುಕ್ಕಿಯ ಆಚೆಗಿನ ಐದು ನೀರು ಹರಳಿನೊಳಗೆ ಕೂತದ್ದು. ಆಕ್ಸಿಜನ್ 4 + 5 = 9, ಹೈಡ್ರೋಜನ್ 10. ಕಾಯಿಸಿದರೆ ನೀರು ಹೋಗಿ ನೀಲಿ ಬಣ್ಣ ಬಿಳಿಯಾಗುತ್ತದೆ.

ಹೆಜ್ಜೆ 3: ತೂಕ ಹಾಕಿ ನೋಡಿ

ಎಣಿಕೆಯ ಮೇಲೆ ಸಂಶಯ ಉಳಿದರೆ ಇದು ಎರಡನೇ ಸಾಕ್ಷಿ. ಪರಮಾಣುಗಳು ಅಷ್ಟಕ್ಕಷ್ಟೇ ಇದ್ದರೆ ಎರಡೂ ಕಡೆಯ ತೂಕವೂ ಒಂದೇ ಇರಲೇಬೇಕು. ರಾಸಾಯನಿಕ ಕ್ರಿಯೆಯಲ್ಲಿ ತೂಕ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ತಕ್ಕಡಿ ಇಟ್ಟು ತೋರಿಸಿ, 1789ರ ತನ್ನ ಪುಸ್ತಕದಲ್ಲಿ ಬರೆದವನು ಫ್ರಾನ್ಸಿನ ಲವಾಸಿಯೇ. ಐದು ವರ್ಷದ ನಂತರ ಕ್ರಾಂತಿಯ ಗಲಾಟೆಯಲ್ಲಿ ಅವನ ತಲೆ ಕಡಿದರು. ನಾವು ಇವತ್ತು ಮಾಡುವ ಎಣಿಕೆಗೆಲ್ಲ ಬುಡ ಅವನ ತಕ್ಕಡಿಯೇ.

ಅಡುಗೆ ಗ್ಯಾಸಿನಲ್ಲಿ ಪ್ರೊಪೇನ್ ಮತ್ತು ಬ್ಯುಟೇನ್ ಇರುತ್ತವೆ. ಬ್ಯುಟೇನ್ ಉರಿಯುವುದನ್ನು ತಗೊಳ್ಳಿ.

2 ಸಿ₄-ಎಚ್₁₀ + 13 ಓ₂ → 8 ಸಿ-ಓ₂ + 10 ಎಚ್₂-ಓ

ಕಾರ್ಬನ್ 12, ಹೈಡ್ರೋಜನ್ 1, ಆಕ್ಸಿಜನ್ 16 ಎಂದಿಟ್ಟರೆ ಬ್ಯುಟೇನ್ 58, ಆಕ್ಸಿಜನ್ ಅನಿಲ 32, ಕಾರ್ಬನ್ ಡೈಆಕ್ಸೈಡ್ 44, ನೀರು 18.

ಎಡಗಡೆ: 116 + 416 = 532
ಬಲಗಡೆ: 352 + 180 = 532

ತೂಕ ಬೇರೆ ಬೇರೆ ಬಂದರೆ ಸಮೀಕರಣ ಸರಿದೂಗಿಲ್ಲ, ಅಥವಾ ನೀವು ಎಲ್ಲೋ ಕೂಡಿಸಿದ್ದು ತಪ್ಪಿದೆ. ತೂಕ ಒಂದೇ ಬಂದರೆ ಹೆಚ್ಚುಕಡಿಮೆ ನಂಬಬಹುದು, ಪೂರ್ತಿ ನಂಬಬೇಡಿ. ಒಂದು ಆಕ್ಸಿಜನ್ನಿನ 16 ಹೋದ ಜಾಗಕ್ಕೆ 16 ಹೈಡ್ರೋಜನ್ ಬಂದರೂ ತೂಕ ಹೊಂದುತ್ತದೆ. ಹಾಗಾಗಿ ಪಟ್ಟಿಯ ಬದಲಿಗೆ ತೂಕ ಅಲ್ಲ, ಪಟ್ಟಿಯಾದ ಮೇಲೆ ತೂಕ.

ಹೆಜ್ಜೆ 4: ಮೇಲಿನ ಗುರುತು

ಪ್ಲಸ್ ಒನ್, ಪ್ಲಸ್ ಟು ಮಕ್ಕಳು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಕಣಗಳ, ಸಮೀಕರಣದಲ್ಲಿ ಪರಮಾಣು ಸರಿಯಾದರೆ ಸಾಲದು. ವಿದ್ಯುದಂಶವೂ ಎರಡೂ ಕಡೆ ಒಂದೇ ಆಗಬೇಕು.

ಪರ್ಮಾಂಗನೇಟ್ ಮತ್ತು ಕಬ್ಬಿಣದ ಕ್ರಿಯೆ ಲ್ಯಾಬಿನಲ್ಲಿ ಮಾಡಿಯೇ ಇರುತ್ತೀರಿ. ನೇರಳೆ ಬಣ್ಣ ತೊಟ್ಟುತೊಟ್ಟಾಗಿ ಬಿದ್ದು ಮಾಯವಾಗುತ್ತದೆ. ಒಬ್ಬ ಹುಡುಗ ಅದನ್ನು ಹೀಗೆ ಬರೆದು ತಂದ:

ಎಂಎನ್-ಓ₄⁻ + ಎಫ್ಇ²⁺ + 8 ಎಚ್⁺ → ಎಂಎನ್²⁺ + ಎಫ್ಇ³⁺ + 4 ಎಚ್₂-ಓ

ಎಣಿಸಿ ನೋಡಿ. ಮ್ಯಾಂಗನೀಸ್ 1, 1. ಕಬ್ಬಿಣ 1, 1. ಆಕ್ಸಿಜನ್ 4, 4. ಹೈಡ್ರೋಜನ್ 8, 8. ಪಟ್ಟಿಯಲ್ಲಿ ಒಂದು ಕೊರತೆಯೂ ಇಲ್ಲ. ತೂಕ ಹಾಕಿದರೂ ಸರಿ ಬರುತ್ತದೆ. "ಮತ್ತೆಂತ ತಪ್ಪು ಮಾಷ್ಟ್ರೇ?" ಅಂತ ಜಗಳಕ್ಕೇ ನಿಂತ.

ಮೇಲಿನ ಗುರುತುಗಳನ್ನು ಕೂಡಿಸು ಎಂದೆ. ಎಡಗಡೆ −1 + 2 + 8 = 9. ಬಲಗಡೆ 2 + 3 = 5. ನಾಲ್ಕು ಎಲ್ಲಿ ಹೋಯಿತು? ಸ್ವಲ್ಪ ಹೊತ್ತು ಪುಸ್ತಕ ನೋಡುತ್ತಾ ಕೂತ. ಒಂದು ಕಬ್ಬಿಣ ಕೊಡುವುದು ಒಂದೇ ಎಲೆಕ್ಟ್ರಾನ್. ಪರ್ಮಾಂಗನೇಟಿನೊಳಗಿನ ಮ್ಯಾಂಗನೀಸಿಗೆ +7ರಿಂದ +2ಕ್ಕೆ ಇಳಿಯಲು ಐದು ಬೇಕು. ಹಾಗಾಗಿ ಐದು ಕಬ್ಬಿಣ ಬೇಕು.

ಎಂಎನ್-ಓ₄⁻ + 5 ಎಫ್ಇ²⁺ + 8 ಎಚ್⁺ → ಎಂಎನ್²⁺ + 5 ಎಫ್ಇ³⁺ + 4 ಎಚ್₂-ಓ

ಎಡಗಡೆ −1 + 10 + 8 = 17. ಬಲಗಡೆ 2 + 15 = 17. ಈಗ ಸರಿ.

ಎರಡೂ ಕಡೆಯ ಮೊತ್ತ ಸೊನ್ನೆಯೇ ಆಗಬೇಕೆಂದಿಲ್ಲ, ಒಂದೇ ಆದರೆ ಸಾಕು. ಕೂಡಿಸುವಾಗ ಮುಂದಿನ ಅಂಕೆಯಿಂದ ಗುಣಿಸಲು ಮರೆಯಬೇಡಿ. ಎಲೆಕ್ಟ್ರಾನನ್ನೇ ಸಮೀಕರಣದಲ್ಲಿ ಬರೆದಿದ್ದರೆ ಅದಕ್ಕೂ −1 ಲೆಕ್ಕ ಹಿಡಿಯಿರಿ.

ಹೆಜ್ಜೆ 5: ಇನ್ನೂ ಚಿಕ್ಕದಾಗುತ್ತದೆಯೇ?

ಮುಂದಿನ ಅಂಕೆಗಳೆಲ್ಲ ಒಂದೇ ಸಂಖ್ಯೆಯಿಂದ ಭಾಗವಾಗುತ್ತವೆಯಾ ನೋಡಿ. 4 ಎಚ್₂ + 2 ಓ₂ → 4 ಎಚ್₂-ಓ ಎಂಬುದು ಸರಿದೂಗಿದೆ, ಆದರೆ 2ರಿಂದ ಭಾಗಿಸಿ ಬರೆಯುವುದು ರೂಢಿ. ಬ್ಯುಟೇನಿಗೆ ಆರೂವರೆ ಆಕ್ಸಿಜನ್ ಅಂತ ಅರ್ಧ ಹಾಕಿದರೂ ಎಣಿಕೆ ಸರಿ ಬರುತ್ತದೆ. ಶಾಖದ ಲೆಕ್ಕದಲ್ಲಿ ಹಾಗೆ ಬರೆಯುವುದೂ ಉಂಟು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಇಡೀ ಅಂಕೆಯೇ ಇರಲಿ.

ಸರಿದೂಗಿದ್ದೆಲ್ಲ ನಡೆಯುತ್ತದೆಯೇ?

ಇಲ್ಲ. ಇದನ್ನು ನಮ್ಮ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡುತ್ತಾರಲ್ಲ, ಆ ಬೋರ್ಡೋ ದ್ರಾವಣ ಇಡೀ ರಸಾಯನಶಾಸ್ತ್ರವೇ. ಫ್ರಾನ್ಸಿನ ಬೋರ್ಡೋ ಊರಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಮದ್ದು ಅಂತ ಇದನ್ನು ಜಗತ್ತಿಗೆ ತಿಳಿಸಿದ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಸಮೀಕರಣ ಸರಳವಾಗಿ ಬರೆದರೆ:

ಸಿಯು-ಎಸ್-ಓ₄ + ಸಿಎ(ಓ-ಎಚ್)₂ → ಸಿಯು(ಓ-ಎಚ್)₂ + ಸಿಎ-ಎಸ್-ಓ₄

ಎಲ್ಲ ಒಂದಕ್ಕೊಂದು. ಸರಿದೂಗಿದೆ. ಈಗ ತೂಕಕ್ಕೆ ಬನ್ನಿ. ಮೈಲುತುತ್ತಿನ ಹರಳಿಗೆ ಸುಮಾರು 250, ಸುಟ್ಟ ಸುಣ್ಣಕ್ಕೆ 56 (ಅದಕ್ಕೆ ನೀರು ಹಾಕಿದಾಗಲೇ ಮೇಲಿನ ಸಾಲಿನ ಸುಣ್ಣ ಆಗುವುದು). ಅಂದರೆ 1 ಕಿಲೋ ಮೈಲುತುತ್ತಿಗೆ ಸುಮಾರು 224 ಗ್ರಾಂ ಸುಟ್ಟ ಸುಣ್ಣ ಸಾಕಾಗಬೇಕು. ನಾವು ಹಾಕುವುದು 1 ಕಿಲೋ! ಸಮೀಕರಣ ತಪ್ಪಾ, ತೋಟದ ಲೆಕ್ಕ ತಪ್ಪಾ?

ಎರಡೂ ತಪ್ಪಲ್ಲ. ಅಂಗಡಿಯ ಸುಣ್ಣ ಶುದ್ಧ ಇರುವುದಿಲ್ಲ, ಗಾಳಿ ತಾಗಿ ಸ್ವಲ್ಪ ಭಾಗ ಆಗಲೇ ತಿರುಗಿ ಚಿಪ್ಪಿನ ವಸ್ತುವಾಗಿರುತ್ತದೆ. ಜೊತೆಗೆ ಕರಗಿದ ತಾಮ್ರ ಸ್ವಲ್ಪವೂ ಉಳಿಯಬಾರದು, ಉಳಿದರೆ ಎಳೆಗಾಯಿ ಸುಡುತ್ತದೆ. ಅದಕ್ಕೇ ಸುಣ್ಣ ಜಾಸ್ತಿ. ಡ್ರಮ್ಮಿನೊಳಗೆ ನಿಜವಾಗಿ ಆಗುವ ವಸ್ತುವೂ ಆ ಒಂದು ಸಾಲಿನಷ್ಟು ಸರಳ ಅಲ್ಲ. ಸಮೀಕರಣ ಹೇಳುವುದು ಲೆಕ್ಕ ಮಾತ್ರ. ಡ್ರಮ್ಮಿಗೆ ಎಷ್ಟು ಹಾಕಬೇಕು ಅಂತ ಅದು ಹೇಳುವುದಿಲ್ಲ.

ಸುಣ್ಣ ಸಾಕಾಯಿತಾ ಅಂತ ಮದ್ದು ಬಿಡುವವರು ನೋಡುವುದು ಪೀಶಕತ್ತಿಯಿಂದ. ಚೆನ್ನಾಗಿ ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ತಾಮ್ರ.

ಎಫ್ಇ + ಸಿಯು²⁺ → ಎಫ್ಇ²⁺ + ಸಿಯು

ಕಬ್ಬಿಣ 1, 1. ತಾಮ್ರ 1, 1. ವಿದ್ಯುದಂಶ 2, 2. ಈ ಸಾಲನ್ನು ಉಲ್ಟಾ ಬರೆದರೂ ಲೆಕ್ಕ ಇಷ್ಟೇ ಚೆಂದವಾಗಿ ಹೊಂದುತ್ತದೆ. ಆದರೆ ತಾಮ್ರದ ಸರಿಗೆಯನ್ನು ಕಬ್ಬಿಣದ ಉಪ್ಪಿನ ನೀರಿನಲ್ಲಿ ದಿನವಿಡೀ ಇಟ್ಟರೂ ಅದರ ಮೇಲೆ ಕಬ್ಬಿಣ ಕೂರುವುದಿಲ್ಲ. ತಾಮ್ರ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಿಂದ ಹೈಡ್ರೋಜನ್ ಬಿಡಿಸುವುದೂ ಹಾಗೆಯೇ, ಕಾಗದದ ಮೇಲೆ ಮಾತ್ರ. ಪ್ರಶ್ನೆ "ಸರಿದೂಗಿದೆಯೇ" ಎಂದಿದ್ದರೆ ಎಣಿಸಿ ಉತ್ತರಿಸಿ. "ಈ ಕ್ರಿಯೆ ನಡೆಯುತ್ತದೆಯೇ" ಎಂದಿದ್ದರೆ ಕ್ರಿಯಾಶೀಲತೆಯ ಶ್ರೇಣಿ, ಅಂದರೆ ಯಾವ ಲೋಹ ಯಾವುದನ್ನು ಹೊರಗೆ ತಳ್ಳುತ್ತದೆ ಎಂಬ ಪಟ್ಟಿ, ನೆನಪು ಮಾಡಿಕೊಳ್ಳಿ.

ಕೈ ಪಳಗಲು ಆರು

ಸ್ಕೇಲು ತಗೊಂಡು ಕೂತುಕೊಳ್ಳಿ. ಉತ್ತರ ಕೆಳಗೇ ಇದೆ, ಅದನ್ನೂ ಮುಚ್ಚಿಕೊಳ್ಳಿ.

1. ಎಫ್ಇ₂-ಓ₃ + 3 ಸಿ-ಓ → 2 ಎಫ್ಇ + 3 ಸಿ-ಓ₂
2. ಕೆ-ಸಿಎಲ್-ಓ₃ → ಕೆ-ಸಿಎಲ್ + ಓ₂
3. 2 ಎನ್ಎ-ಎಚ್-ಸಿ-ಓ₃ → ಎನ್ಎ₂-ಸಿ-ಓ₃ + ಎಚ್₂-ಓ + ಸಿ-ಓ₂
4. 4 ಎನ್-ಎಚ್₃ + 6 ಓ₂ → 4 ಎನ್-ಓ + 6 ಎಚ್₂-ಓ
5. ಝಡ್ಎನ್ + ಎಜಿ⁺ → ಝಡ್ಎನ್²⁺ + ಎಜಿ
6. 2 ಸಿಎ(ಓ-ಎಚ್)₂ + 2 ಸಿ-ಓ₂ → 2 ಸಿಎ-ಸಿ-ಓ₃ + 2 ಎಚ್₂-ಓ

ಒಂದನೆಯದು ಸರಿ, ಆಕ್ಸಿಜನ್ ಎರಡೂ ಕಡೆ 6. ಎರಡನೆಯದು ತಪ್ಪು, ಆಕ್ಸಿಜನ್ 3 ಮತ್ತು 2. ಮುಂದೆ 2, 2, 3 ಎಂದು ಹಾಕಿದರೆ ಸರಿಯಾಗುತ್ತದೆ. ಮೂರನೆಯದು ಅಡುಗೆ ಸೋಡಾ ಕಾಯಿಸಿದ್ದು, ಸರಿ. ಇಲ್ಲಿ ಕಾರ್ಬೊನೇಟನ್ನು ಗುಂಪಾಗಿ ಎಣಿಸಿದವರು ಜಾರಿ ಬಿದ್ದಿರುತ್ತಾರೆ. ನಾಲ್ಕನೆಯದರಲ್ಲಿ ಸಂಖ್ಯೆಗಳು ನೋಡಲು ಚೆಂದ ಜೋಡಿಸಿದಂತಿವೆ, ಆದರೆ ಆಕ್ಸಿಜನ್ ಎಡಗಡೆ 12, ಬಲಗಡೆ 10. ಆರರ ಬದಲು ಐದು ಆಕ್ಸಿಜನ್ ಅನಿಲ ಬೇಕು. ಐದನೆಯದರಲ್ಲಿ ಪರಮಾಣು ಸರಿ, ವಿದ್ಯುದಂಶ 1 ಮತ್ತು 2, ಹಾಗಾಗಿ ತಪ್ಪು. ಬೆಳ್ಳಿ (ಎಜಿ) ಎರಡೂ ಕಡೆ ಎರಡೆರಡು ಆಗಬೇಕು. ಆರನೆಯದು ಸರಿದೂಗಿದೆ, ಎಲ್ಲ 2 ಅಳಿಸಿದರೆ ಮೊದಲು ಕಂಡ ಗೋಡೆಯ ಸುಣ್ಣದ ಸಮೀಕರಣವೇ ಉಳಿಯುತ್ತದೆ.